ಹೆಂಗಸರ ಕಡೆಯ ಟ್ಯಾಬ್

ಇವತ್ತು ಬೆಳಿಗ್ಗೆ ಮಾಡಿದ ಕೆಲಸಗಳು: ಬಾವಿಯಿಂದ ಆರು ಕೊಡ ನೀರು ಸೇದಿದೆ. ಕುಚ್ಚಲಕ್ಕಿ ಒಲೆಗಿಟ್ಟೆ, ಅದು ಬೇಯುವಷ್ಟರಲ್ಲಿ ಅಂಗಳ ಗುಡಿಸಿ, ಇವರ ಅಂಗಿಗೆ ಎರಡು ಗುಂಡಿ ಹೊಲಿದೆ. ಮೂರು ಟ್ಯಾಬ್‌ಗಳ ಗಾಜನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿದೆ. ನಿನ್ನೆ ದೇಲಂಪಾಡಿಯ ಗೃಹಪ್ರವೇಶದಲ್ಲಿ ಯಾರೋ ಹೋಳಿಗೆ ತಿಂದ ಕೈಯಲ್ಲೇ ಮುಟ್ಟಿದ್ದರಿಂದ ಒಂದರ ಮೂಲೆಯಲ್ಲಿ ತುಪ್ಪ ಕೂತಿತ್ತು. ಮೂರನ್ನೂ ಚಾರ್ಜಿಗೆ ಹಾಕಿ, ಎರಡನ್ನು ಇವರ ಚೀಲಕ್ಕೂ ಒಂದನ್ನು ನನ್ನ ಚೀಲಕ್ಕೂ ತುಂಬಿದೆ. ಆಮೇಲೆ ಮಾಡಲು ಕೆಲಸವಿಲ್ಲದೆ ಕೂತು ಗಡಿಯಾರ ನೋಡಿದೆ.

ಹನ್ನೊಂದು ಗಂಟೆಗೆ ನಫೀಸಾ ಅವರ ಮನೆಗೆ ಹೋಗಬೇಕಿತ್ತು. ಮೂರು ವಾರಗಳ ಹಿಂದೆ ಅವರ ಮಗಳ ಮದುವೆಯ ಮುನ್ನಾದಿನ “ನಾಳೆ ನೀವು ಬರುವುದು ಬೇಡ” ಎಂದು ನನಗೆ ಹೇಳಿದ ಮನೆ ಅದು. ನಿನ್ನೆ ಸಂಜೆ ಅವರದೇ ಫೋನ್. “ಚೇಚೀ, ಟ್ಯಾಬ್ ತಕ್ಕೊಂಡು ಬನ್ನಿ. ನೀವೊಬ್ಬರೇ ಬನ್ನಿ.” ಯಾಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇವರು ಚಪ್ಪಲಿ ಮೆಟ್ಟುತ್ತಾ ಅಂದರು: “ಹೋಗಿ ಬಾ. ಬೈದ್ರ ಬೈಸ್ಕೊಂಡ್ ಬಾ. ತಪ್ಪು ನಮ್ದ ಐತಲ್ಲ.”

“ನಮ್ದಲ್ರೀ, ನಂದು,” ಅಂದೆ.

ರಾಣೆಬೆನ್ನೂರಿನಲ್ಲಿರುವ ನಿಮಗೆ ಇದೆಲ್ಲ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮ ಸ್ಟುಡಿಯೋದ ಬಾಗಿಲು ಹಾಕಿದ್ದು ನಿಮಗೆ ಗೊತ್ತು. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮೆರಾ ಬಂದ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೂ ಜನ ಬರುತ್ತಿರಲಿಲ್ಲ. ಇವರ ಹಳೆಯ ಗೆಳೆಯ ಲಾರೆನ್ಸ್ ಕಾಸರಗೋಡು ಜಿಲ್ಲೆಯ ಬೋವಿಕಾನದಲ್ಲಿ ಮದುವೆ ಮುಂಜಿಗಳ ಫೋಟೋ ತೆಗೆಯುವ ಕೆಲಸ ನಡೆಸುತ್ತಾರೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮಲಯಾಳ, ನಮ್ಮೊಡನೆ ಕನ್ನಡ. ಇಲ್ಲಿಯ ಹಿರಿಯರು ಅವರನ್ನು ‘ಪೊರ್ಬುಗಳೇ’ ಎಂದು ಕರೆಯುತ್ತಾರೆ. ಕ್ರೈಸ್ತ ಗಂಡಸರಿಗೆ ಈ ಕಡೆ ಕೊಡುವ ಮರ್ಯಾದೆಯ ಹೆಸರು ಅದು. ಅವರೇ ಕರೆದರು, ನಾವು ಬಂದೆವು. ಎರಡು ವರ್ಷವಾಯಿತು.

ಮೊದಲ ದಿನ ಬೆಚ್ಚಿಬಿದ್ದದ್ದು ನೀರಿಗೆ. ನಮ್ಮಲ್ಲಿ ನಲ್ಲಿ ಬರುವ ದಿನ ಹಬ್ಬದ ಹಾಗೆ. ತಂಬಿಗೆಯಿಂದ ಹಿಡಿದು ಹಂಡೆಯವರೆಗೆ ಎಲ್ಲ ತುಂಬಿಡಬೇಕು. ಇಲ್ಲಿಯ ಬಾಡಿಗೆ ಮನೆಯ ಅಂಗಳದಲ್ಲೇ ಬಾವಿ. ನಾನು ಬೆಳಗಿನಿಂದ ಸೇದಿ ಸೇದಿ ಅಡುಗೆಮನೆಯ ಬೋಗುಣಿಗಳನ್ನೂ ತುಂಬಿಸಿದೆ. ಬೇಲಿಯಾಚೆಯ ಮನೆಯವರು ಸುಮಾರು ಹೊತ್ತು ನೋಡಿ, “ಅಕ್ಕಾ, ಅದು ಅಲ್ಲೇ ಇರ್ತದೆ. ಓಡಿ ಹೋಗುವುದಿಲ್ಲ,” ಅಂದರು. ಗೋಡೆಗೆ ಗಿಲಾವಿಲ್ಲ, ಬರೀ ಕೆಂಪು ಮುರಕಲ್ಲು. ಕೈ ತಾಗಿದರೆ ಬಣ್ಣ ಹತ್ತುತ್ತದೆ. ಬಸ್ಸಿನ ಬೋರ್ಡುಗಳೆಲ್ಲ ಮಲಯಾಳದಲ್ಲಿ, ನನಗೆ ಜಿಲೇಬಿ ಸುತ್ತಿಟ್ಟ ಹಾಗೆ. ಪಂಚಾಯತಿಯ ಕಚೇರಿಯಲ್ಲಿ ಅರ್ಜಿಗೆ ‘ಅಪೇಕ್ಷೆ’ ಎನ್ನುತ್ತಾರೆ. “ಅಪೇಕ್ಷೆ ತಂದಿದ್ದೀರಾ?” ಎಂದು ಕೇಳಿದಾಗ ತಲೆಯಾಡಿಸಿ ನಿಂತುಬಿಟ್ಟೆ. ಇದ್ದವು ಬೇಕಾದಷ್ಟು, ಬರೆದು ತಂದಿರಲಿಲ್ಲ. ಈಗ ಬೋರ್ಡು ಓದಬಲ್ಲೆ. ಅಕ್ಷರ ಕೂಡಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ, ಅದು ಬೇರೆ ಮಾತು.

ಜೋಳದ ರೊಟ್ಟಿ ಬಡಿಯುವ ಸದ್ದಿಲ್ಲದೆ ಎಷ್ಟೋ ಸಂಜೆಗಳು ನನಗೆ ಸಂಜೆಯಂತೆಯೇ ಅನ್ನಿಸಲಿಲ್ಲ. ಅದನ್ನು ಇವರಿಗೂ ಹೇಳಿಲ್ಲ.

ನನಗೆ ಇಲ್ಲೊಂದು ಜಾಗ ಸಿಕ್ಕಿದ್ದು ಟ್ಯಾಬ್‌ನಿಂದ. ಕ್ಯಾಮೆರಾದಲ್ಲಿ ತೆಗೆದ ಚಿತ್ರ ಆ ಕ್ಷಣವೇ ಟ್ಯಾಬ್‌ಗೆ ಬಂದು ಬೀಳುತ್ತದೆ. ಅದನ್ನು ಒಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಚಿತ್ರಗಳು ತಾವಾಗಿ ಒಂದಾದ ಮೇಲೊಂದು ಹಾಯುತ್ತವೆ. ಬಂದವರು ತಮ್ಮ ಮುಖ ಕಂಡಲ್ಲಿ ಬೆರಳಿಟ್ಟು ನಂಬರು ಕೊಟ್ಟರೆ ಅವರ ಫೋನಿಗೆ ಹೋಗುತ್ತದೆ. ಮನೆಯವರು ಆಲ್ಬಮ್ಮಿಗೆ ಬೇಕಾದ್ದನ್ನು ಅಲ್ಲೇ ಆರಿಸುತ್ತಾರೆ. ರಾಣೆಬೆನ್ನೂರಿನಲ್ಲಿ ಕತ್ತಲೆ ಕೋಣೆಯಲ್ಲಿ ನಿಗೆಟಿವ್ ತೊಳೆದ ಕೈಗೆ ಇದು ಆಟದ ಸಾಮಾನಿನಂತೆ ಕಂಡಿತು. ಆದರೆ ಲಾರೆನ್ಸ್‌ಗೆ ಬೇಕಾಗಿದ್ದದ್ದು ನನ್ನ ಕೈಯಷ್ಟೇ ಅಲ್ಲ, ನಾನು ಹೆಂಗಸು ಎನ್ನುವುದು.

ಯಾಕೆಂದರೆ ಇಲ್ಲಿಯ ಮುಸ್ಲಿಂ ಮನೆಗಳ ಮದುವೆಗೆ ಎರಡು ಕಡೆ ಉಂಟು. ಹೊರಗೆ ಪಂದಲ್, ಅಂದರೆ ಚಪ್ಪರ, ಅದು ಗಂಡಸರದು. ಒಳಗಿನ ಕೋಣೆಗಳು ಹೆಂಗಸರವು. ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಮದುಮಗಳ ಮುಖವನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೋರಿಸುತ್ತೇವಲ್ಲ, ಊಟದ ಸಾಲಿನಲ್ಲಿ ಕೂತವರೂ ನೋಡಲಿ ಎಂದು? ಇಲ್ಲಿ ಹಾಗಲ್ಲ. ಒಳಗಿನ ನಗು ಒಳಗೇ ಇರಬೇಕು. ಮೊದಲ ಸಲ ಒಳಗೆ ಹೋದಾಗ ನನಗೆ ಅಚ್ಚರಿಯಾಗಿತ್ತು. ದಾರಿಯಲ್ಲಿ ತಲೆ ಮುಚ್ಚಿ ಮೆಲ್ಲಗೆ ನಡೆಯುವವರೇ ಅಲ್ಲಿ ತಲೆಯ ಶಾಲು ತೆಗೆದು, ಕೈತಟ್ಟಿ ಕುಣಿಯುತ್ತಿದ್ದರು. ನನ್ನನ್ನು ನೋಡಿ ಒಬ್ಬರೂ ನಿಲ್ಲಿಸಲಿಲ್ಲ. ಪರವೂರಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ನಫೀಸಾ ಅವರ ಮಗಳು ಸಫಾನಾಳ ಮೈಲಾಂಜಿಯ ದಿನ, ಅಂದರೆ ಮದುವೆಯ ಮುನ್ನಾದಿನದ ಮೆಹಂದಿಯ ದಿನ, ನಾನೇ ಎರಡು ಟ್ಯಾಬ್‌ಗಳನ್ನು ಸಿದ್ಧ ಮಾಡಿದ್ದೆ. ಒಂದು ಪಂದಲಿಗೆ, ಒಂದು ಒಳಗೆ. ಅದಕ್ಕೆ ಎರಡು ದಿನ ಮೊದಲು ಕುಂಬ್ಡಾಜೆಯ ಒಂದು ಉಪನಯನದಲ್ಲಿ ಎಲ್ಲ ಚಿತ್ರ ಎಲ್ಲರಿಗೂ ಕಾಣಲಿ ಎಂದು ಎಲ್ಲ ಟ್ಯಾಬ್‌ಗಳನ್ನೂ ಒಂದೇ ಫೋಲ್ಡರಿಗೆ ಜೋಡಿಸಿದ್ದೆವು. ಅದನ್ನು ಬೇರೆ ಮಾಡಬೇಕಿತ್ತು. ಮರೆತೆ. ಮರೆತೆ ಎನ್ನುವುದಕ್ಕಿಂತ, ನನ್ನೂರಿನ ಕಣ್ಣಿಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ.

ಸಂಜೆ ನಾಲ್ಕರ ಹೊತ್ತು. ನಾನು ಒಳಗೆ ಚಿತ್ರ ತೆಗೆಯುತ್ತಲೇ ಇದ್ದೆ. ಒಬ್ಬ ಪುಟ್ಟ ಹುಡುಗಿ ಬಂದು, “ಉಪ್ಪಾಪ ಕರೀತಾರೆ,” ಅಂದಳು. ಉಪ್ಪಾಪ ಎಂದರೆ ಅಜ್ಜ, ಸಫಾನಾಳ ತಾಯಿಯ ತಂದೆ. ಹೊರಗೆ ಹೋದರೆ ಅವರು ಟ್ಯಾಬ್‌ನ ಸ್ಟ್ಯಾಂಡಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಹೆಗಲ ಮೇಲಿನ ಬಿಳಿ ಬಟ್ಟೆಯ ತುಂಡನ್ನು ಟ್ಯಾಬ್‌ಗೆ ಹೊದಿಸಿದ್ದರು.

“ಮೋಳೇ,” ಅಂದರು ಮೆಲ್ಲಗೆ, ಮಗಳೇ ಎಂದು. “ಇದರಲ್ಲಿ ನಮ್ಮ ಹೆಣ್ಣುಮಕ್ಕಳು ಬರ್ತಾ ಇದ್ದಾರೆ. ಒಂದು ಕಂಡ ಕೂಡ್ಲೇ ಮುಚ್ಚಿದ್ದೇನೆ. ನೀನು ಬಂದ್ ಮಾಡು. ಹೆದರ್ಬೇಡ.”

ತುಂಡಿನ ಅಡಿಯಲ್ಲಿ ಬೆಳಕು ಇನ್ನೂ ಬದಲಾಗುತ್ತಿತ್ತು. ಕೈ ತೂರಿಸಿ ಆರಿಸಿದೆ.

ಲಾರೆನ್ಸ್ ನನ್ನನ್ನು ಪಕ್ಕಕ್ಕೆ ಕರೆದರು. “ಯಾರೂ ಕಾಣ್ಲಿಲ್ಲ ಮಾರಾಯ್ರೆ. ಎಲ್ಲರಿಗೂ ಪಂಕ್ತಿಯ ಗಡಿಬಿಡಿ. ಉಪ್ಪಾಪ ಬಾಯಿ ಬಿಡುವ ಜನ ಅಲ್ಲ. ನೀವು ಹೋಗಿ ಹೇಳಿದರೆ ನಾಳೆಯಿಂದ ಈ ಕಡೆಯ ಒಂದು ಮನೆಯಲ್ಲೂ ನಿಮ್ಮನ್ನು ಒಳಗೆ ಬಿಡ್ಲಿಕ್ಕಿಲ್ಲ. ಮತ್ತೆ ನಿಮಗೆ ಇಲ್ಲಿ ಎಂತ ಕೆಲಸ ಉಂಟು, ನೀವೇ ಹೇಳಿ?”

ನಿಜ ಹೇಳುತ್ತೇನೆ. ಆ ಗಳಿಗೆಯಲ್ಲಿ, ಹಾಗಾದರೆ ಊರಿಗೆ ಹೋಗಬಹುದಲ್ಲ ಎಂದು ನನಗೆ ಅನ್ನಿಸಬೇಕಿತ್ತು. ಎರಡು ವರ್ಷ ಅದನ್ನೇ ಬಯಸಿದ್ದೆ. ಅನ್ನಿಸಲಿಲ್ಲ. ಎದ್ದದ್ದು ಭಯ, ಕಳೆದುಕೊಳ್ಳುವವರ ಭಯ. ಇಲ್ಲಿ ಕಳೆದುಕೊಳ್ಳುವಂಥದ್ದು ನನಗೆ ಏನೋ ಇದೆ ಎಂದು ಅವತ್ತೇ ತಿಳಿದದ್ದು.

ಆದರೂ ಹೇಳಿದೆ. ಹೇಳದಿದ್ದರೆ ಆ ಹೆಂಗಸರು ಮುಂದಿನ ಮದುವೆಯಲ್ಲೂ ನನ್ನೆದುರು ಅಷ್ಟೇ ನಿಶ್ಚಿಂತೆಯಿಂದ ಕೂರುತ್ತಿದ್ದರು. ಅದನ್ನು ನೋಡುತ್ತಾ ಕ್ಯಾಮೆರಾ ಎತ್ತುವುದು ನನ್ನಿಂದ ಆಗುತ್ತಿರಲಿಲ್ಲ. ಹಿತ್ತಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ನಫೀಸಾ ಅವರ ಹತ್ತಿರ ಹೋಗಿ, ಏನಾಯಿತು, ಯಾರು ಮುಚ್ಚಿದರು, ಎಲ್ಲ ಹೇಳಿದೆ. ಅವರು ಕನ್ನಡ ಶಾಲೆಯಲ್ಲಿ ಕಲಿತವರು, ನನ್ನೊಡನೆ ಬಾಯ್ತುಂಬ ಮಾತಾಡುತ್ತಿದ್ದವರು. ಅವತ್ತು ತುರಿಯುವುದನ್ನು ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ.

“ನಾಳೆ ನೀವು ಬರುವುದು ಬೇಡ, ಚೇಚಿ.”

ಚೇಚಿ ಎಂದರೆ ಅಕ್ಕ. ಬೇಡ ಎನ್ನುವಾಗಲೂ ಅಕ್ಕ ಎಂದರಲ್ಲ, ಅದು ಇನ್ನಷ್ಟು ಚುಚ್ಚಿತು.

ಮದುವೆಯ ದಿನ ಹೆಂಗಸರ ಕಡೆ ಒಂದೇ ಒಂದು ಚಿತ್ರ ತೆಗೆಯಲಿಲ್ಲವಂತೆ. ಮೂರು ವಾರ ನನಗೆ ಯಾವ ಮನೆಯ ಒಳಗಿನ ಕೆಲಸವೂ ಬರಲಿಲ್ಲ. ಅವರು ಯಾರಿಗಾದರೂ ಹೇಳಿದ್ದರೋ, ಅದು ಮದುವೆ ಕಡಿಮೆಯಿದ್ದ ದಿನಗಳೋ, ಗೊತ್ತಿಲ್ಲ. ಪೇಟೆಯಲ್ಲಿ ನಾಲ್ಕು ಹೆಂಗಸರು ನಿಂತು ಮಾತಾಡುವುದು ಕಂಡರೆ ನಾನು ರಸ್ತೆ ದಾಟುತ್ತಿದ್ದೆ.

ಹೀಗಿರುವಾಗ ಇವತ್ತು ಹೋದೆ. ಇರುವ ಚಿತ್ರಗಳನ್ನೆಲ್ಲ ಎದುರಿಗೇ ಅಳಿಸಿ ಎನ್ನುತ್ತಾರೆ ಎಂದುಕೊಂಡು, ಅಳಿಸಲು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಹೋದೆ. ಉಪ್ಪಾಪ ಜಗಲಿಯಲ್ಲಿದ್ದರು. ನನ್ನನ್ನು ಕಂಡು ಎದ್ದು ಕೊಡೆ ಹಿಡಿದು, “ನಾನು ಪೇಟೆಗೆ,” ಎಂದು ಹೊರಟೇಬಿಟ್ಟರು. ಒಳಗೆ ಮನೆಯ ಗಂಡಸರು ಒಬ್ಬರೂ ಇರಲಿಲ್ಲ. ನಡುಕೋಣೆಯಲ್ಲಿ ನಫೀಸಾ, ಮಂಚದ ಮೇಲೆ ಅವರ ತಾಯಿ. ಅವರನ್ನು ಮನೆಯಲ್ಲಿ ಎಲ್ಲರೂ ವಲ್ಯುಮ್ಮ ಎನ್ನುತ್ತಾರೆ, ಅಜ್ಜಿ ಎಂದರ್ಥ. ಬಾಗಿಲ ಬಳಿ ಸಫಾನಾ ನಿಂತಿದ್ದಳು. ನಟ್ಟನಡು ಹಗಲಲ್ಲಿ ಮದುವೆಯ ಸೀರೆ ಉಟ್ಟು, ಸರ, ಬಳೆ, ಎಲ್ಲ ಹಾಕಿಕೊಂಡು.

“ಬರುವ ವಾರ ಇವಳು ಗಂಡನ ಜೊತೆ ದುಬೈಗೆ ಹೋಗ್ತಾಳೆ,” ಅಂದರು ನಫೀಸಾ. “ಉಮ್ಮ ಎರಡು ದಿನದಿಂದ ಹಟ. ಮದುಮಗಳ ವೇಷದಲ್ಲಿ ಇವಳೊಟ್ಟಿಗೆ ನನ್ನದೊಂದು ಚಿತ್ರ ಇಲ್ಲ ಅಂತ. ಬೇರೆಯವರನ್ನು ಕರಿ ಅಂದೆ. ಕೇಳುವುದಿಲ್ಲ.”

ವಲ್ಯುಮ್ಮ ಮಲಯಾಳದ ನಡುವೆ ಕನ್ನಡ ಸೇರಿಸಿ ನನಗೇ ನೇರವಾಗಿ ಹೇಳಿದರು: “ತಪ್ಪು ಮಾಡಿದವಳು ತಾನಾಗಿ ಬಂದು ಹೇಳಿದಳಲ್ಲ. ಬೇರೆಯವಳು ಮಾಡಿದರೆ ಹೇಳ್ತಾಳೆ ಅಂತ ಎಂತ ಗ್ಯಾರಂಟಿ?”

ನಫೀಸಾ ನಗಲಿಲ್ಲ. “ನನಗೆ ಇನ್ನೂ ಸಿಟ್ಟುಂಟು,” ಅಂದರು. “ಆದರೆ ನಾನು ಯಾರಿಗೂ ಹೇಳ್ಲಿಲ್ಲ. ಅದು ನಿಮಗೆ ಗೊತ್ತಿರಲಿ.”

ಟ್ಯಾಬ್ ತೆಗೆದು ಅವರ ಎದುರೇ ಎಲ್ಲ ಸಂಪರ್ಕ ತಪ್ಪಿಸಿದೆ. ವಲ್ಯುಮ್ಮ ಕೇಳಿದರು, “ಈಗ ಹೊರಗೆ ಹೋಗುವುದಿಲ್ಲವಾ ಇದು?”

“ಇಲ್ಲ ವಲ್ಯುಮ್ಮ. ಬಾಗಿಲು ಹಾಕಿ ಚಿಲಕ ಹಾಕೀನಿ.”

ಕ್ಯಾಮೆರಾ ತಂದಿರಲಿಲ್ಲ, ಟ್ಯಾಬ್‌ನಿಂದಲೇ ತೆಗೆದೆ. ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದದ್ದು, ತಾಯಿ ಮಗಳ ಬಳೆ ಸರಿಮಾಡಿದ್ದು. ಫೋನಿನಲ್ಲಿ ಚಿತ್ರ ತೋರಿಸಿದರೆ ವಲ್ಯುಮ್ಮನಿಗೆ ಇರುವೆ ಕಂಡ ಹಾಗಂತೆ. ಟ್ಯಾಬ್ ಕೈಗೆ ಕೊಟ್ಟು, ಎರಡು ಬೆರಳಲ್ಲಿ ಮುಖ ದೊಡ್ಡದು ಮಾಡುವುದನ್ನು ಕಲಿಸಿದೆ. ಸಫಾನಾಳ ಮೂಗುಬೊಟ್ಟಿನವರೆಗೂ ದೊಡ್ಡದು ಮಾಡಿ, “ಇಲ್ಲೊಂದು ಮಚ್ಚೆ ಉಂಟಲ್ಲ, ನಾನು ನೋಡಿಯೇ ಇರ್ಲಿಲ್ಲ!” ಅಂದರು. ಇಪ್ಪತ್ತೆರಡು ವರ್ಷ ಸಾಕಿದ ಮೊಮ್ಮಗಳು.

ಆರಿಸಿದ ಚಿತ್ರಗಳು ಅಂಗಡಿಗೆ ಹೋಗುವುದಿಲ್ಲ. ನಮ್ಮ ಮನೆಯ ಸಣ್ಣ ಪ್ರಿಂಟರಿನಲ್ಲಿ ನಾನೇ ಮುದ್ರಿಸಿ, ನಾನೇ ತಂದುಕೊಟ್ಟು, ಆಮೇಲೆ ಅವರ ಎದುರು ಅಳಿಸಬೇಕು. ಹಾಗೆಂದು ನಫೀಸಾ ಕಟ್ಟು ಮಾಡಿದರು. ಒಪ್ಪಿದೆ. ಬರುವ ತಿಂಗಳು ಅವರ ನಾದಿನಿಯ ಮನೆಯಲ್ಲೊಂದು ಮದುವೆ ಉಂಟಂತೆ. “ಆಗ ಮೊದಲು ನನ್ನ ಹತ್ತಿರ ಟ್ಯಾಬ್ ತೋರಿಸಿ, ಮತ್ತೆ ಒಳಗೆ,” ಅಂದರು.

ಆಲ್ಬಮ್ಮಿಗೆ ಗುರುತು ಹಾಕುತ್ತಾ ಸಫಾನಾ ಮೆಲ್ಲಗೆ ಕೇಳಿದಳು, “ಚೇಚೀ, ಹೊಸ ಊರಲ್ಲಿ ಮೊದಲ ತಿಂಗಳು ನೀವು ಎಂತ ಮಾಡಿದ್ದು?”

“ಪಾತ್ರೆ ತೊಳೆದೆ, ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಮತ್ತೆ ಅವೇ ಪಾತ್ರೆ ತೊಳೆದೆ.”

“ಎರಡನೆಯ ತಿಂಗಳು?”

“ಪಕ್ಕದ ಮನೆಯವರ ಹೆಸರು ಕೇಳಿದೆ.”

ಅವಳು ನಕ್ಕಳು. ನಗುವಾಗ ಕಣ್ಣು ತುಂಬಿತ್ತು, ಸೆರಗಿನ ಜರಿಯಿಂದ ಒರೆಸಿಕೊಂಡಳು. ಅವಳಿಗೆ ಹೇಳದ ಮಾತೊಂದು ಉಳಿಯಿತು. ಎಷ್ಟು ವರ್ಷವಾದರೂ ಒಂದು ಕಾಲು ಅಲ್ಲೇ ನಿಂತಿರುತ್ತದೆ. ರಾಣೆಬೆನ್ನೂರಿಗೆ ಹೋದರೆ ನಾನೀಗ ಬಾವಿ ಹುಡುಕುತ್ತೇನೆ, ಇಲ್ಲಿ ರೊಟ್ಟಿಯ ಸದ್ದು ಹುಡುಕುತ್ತೇನೆ. ಅದನ್ನು ಅವಳೇ ಹೋಗಿ ತಿಳಿಯಲಿ.

ಊಟಕ್ಕೆ ಪತ್ತಿರಿ, ಅಂದರೆ ಅಕ್ಕಿ ಹಿಟ್ಟಿನ ತೆಳ್ಳನೆಯ ರೊಟ್ಟಿ. ಅವರಿಗೆಲ್ಲ ಕೋಳಿ ಸಾರು. ನಾನು ತಿನ್ನುವುದಿಲ್ಲವೆಂದು ನೆನಪಿಟ್ಟುಕೊಂಡು ಬೇರೆ ಪಾತ್ರೆಯಲ್ಲಿ ಕಡಲೆ ಸಾರು, ಸಕ್ಕರೆ ಹಾಕಿದ ಕಾಯಿಹಾಲು, ಕೊನೆಗೊಂದು ನೇಂದ್ರ ಬಾಳೆಹಣ್ಣು. ಪತ್ತಿರಿ ಐದು ತಿಂದೆ. ಬಸ್ಸು ಮೂರೂವರೆಗೆ, ಅಲ್ಲಿಯವರೆಗೆ ಒರಗಿ ಎಂದು ವಲ್ಯುಮ್ಮನ ಮಂಚದ ಕೆಳಗೆ ಚಾಪೆ ಹಾಸಿದರು. ಪರರ ಮನೆಯಲ್ಲಿ ಹಗಲು ಮಲಗಿದವಳಲ್ಲ ನಾನು. ಬೆನ್ನು ಚಾಚುತ್ತೇನೆ ಅಷ್ಟೇ ಎಂದೆ. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ನಾನೇ ಅಂತೆ. ನಿದ್ದೆಯಲ್ಲಿ ಮಾತೂ ಆಡಿದೆನಂತೆ, ಅದು ಅವರಿಗೆ ತಿಳಿಯಲಿಲ್ಲ, ನಮ್ಮೂರಿನ ಮಾತು.