ಏಕಾದಶಿಗೆ ಮಲಗಿದ ಕಾರು

ನನ್ನ ಮಾವ, ಎಂದರೆ ಹೆಂಡತಿಯ ಅಪ್ಪ, ಮುಂಬಯಿ ಸರಕಾರದ ಅರಣ್ಯ ಇಲಾಖೆಗೆ ಸೇರಿ ಮೈಸೂರು ಸರಕಾರದ ರೇಂಜರಾಗಿ ನಿವೃತ್ತರಾದವರು. "ಸರಕಾರ ಬದಲಾತು, ಕುರ್ಚಿ ಅದೇ" ಎನ್ನುತ್ತಿದ್ದರು. ನಿವೃತ್ತಿಯಾದ ವರ್ಷವೇ ಕಾರವಾರದ ವಕೀಲರೊಬ್ಬರಿಂದ ಹಳೆಯ ಕಾರು ಕೊಂಡರು. ನೌಕರಿಯಲ್ಲಿದ್ದಾಗ ಇಲಾಖೆಯ ಜೀಪಿನಲ್ಲಿ ಕಾಡುಮೇಡು ತಿರುಗಿದ ಮನುಷ್ಯನಿಗೆ, ಸ್ವಂತ ಕಾರು ಬಂದ ಮೇಲೆ ಹೋಗಲು ಊರೇ ಇರಲಿಲ್ಲ. ಮನೆ ಶಿರಸಿ ಪೇಟೆಯಲ್ಲಿ. ಅಂಚೆ ಕಚೇರಿಗೆ ನಡೆದೇ ಹೋಗುತ್ತಿದ್ದರು. ಭಾನುವಾರ ಸಿದ್ದಾಪುರಕ್ಕೆ, ತಮ್ಮಂತೆಯೇ ಪೆನ್ಶನ್ ತಿನ್ನುತ್ತಿದ್ದ ಗೆಳೆಯರ ಮನೆಗೆ, ಇಸ್ಪೀಟು ಆಡಲು. ಅಪರೂಪಕ್ಕೆ ಸೋಂದಾ ಮಠಕ್ಕೆ. "ಈ ಕಾರಿಗಿಂತ ನಮ್ಮನೆ ಎಮ್ಮೆ ಹೆಚ್ಚು ತಿರಗ್ತು" ಎಂದು ಅತ್ತೆ ಕುಟುಕುತ್ತಿದ್ದರು.

ನಾನು ಆಗ ಯಲ್ಲಾಪುರದ ಖಾಸಗಿ ಹೈಸ್ಕೂಲಿನಲ್ಲಿ ಮಾಸ್ತರ. ಸಂಬಳ ಸಾಲದೆ ಹುಬ್ಬಳ್ಳಿಯ ಒಂದು ವಿಮಾ ಕಂಪನಿಯ ಏಜೆಂಟಿಕೆಯನ್ನೂ ಹಿಡಿದಿದ್ದೆ. ಮಾವನ ಕಾರಿನ ವಿಮೆ ನನ್ನ ಕೈಯಿಂದಲೇ ಆದದ್ದು. ಅದೇ ತಂಟೆಗೆ ಮೂಲ.

"ಅಲ್ದೋ ಅಳಿಯಾ, ದಿನಾ ಹುಬ್ಬಳ್ಳಿಗೆ ಓಡೋ ಅಡಿಕೆ ವ್ಯಾಪಾರಿ ಕಾರಿಗೂ ಇಷ್ಟೇ ದುಡ್ಡು, ತಿಂಗಳಿಗೆ ನಾಲ್ಕು ಸಲ ಕೆಮ್ಮೋ ನನ್ನ ಕಾರಿಗೂ ಇಷ್ಟೇ ದುಡ್ಡು. ಇದ್ಯಾವ ನ್ಯಾಯ?" ಎಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. ಕೊನೆಗೊಂದು ವರ್ಷ ನಾನು ಕಂಪನಿಯ ನಿಯಮ ಹುಡುಕಿ ತೆಗೆದೆ. ಕಾರನ್ನು ಕನಿಷ್ಠ ಎರಡು ತಿಂಗಳು ಒಂದೇ ಸಮನೆ ಶೆಡ್ಡಿನಲ್ಲಿ ನಿಲ್ಲಿಸಿ, ವಿಮೆಯ ಸರ್ಟಿಫಿಕೇಟನ್ನು ಕಂಪನಿಗೆ ವಾಪಸು ಕಳಿಸಿದರೆ, ಆ ಅವಧಿಯ ಒಂದು ಪಾಲನ್ನು ಮುಂದಿನ ವರ್ಷದ ಕಂತಿನಲ್ಲಿ ವಜಾ ಮಾಡುತ್ತಾರೆ. ಆದರೆ ಆ ಅವಧಿಯಲ್ಲಿ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. ಇಳಿದರೆ ಅದಕ್ಕೆ ವಿಮೆಯೇ ಇಲ್ಲ.

ಮಾವನಿಗೆ ಹಬ್ಬವಾಯಿತು. ಆಷಾಢದ ಏಕಾದಶಿಯ ದಿನ ಕಾರನ್ನು ತೊಳೆದು, ಒರೆಸಿ, ನಾಲ್ಕು ಮರದ ತುಂಡುಗಳ ಮೇಲೆ ಎತ್ತಿ ಕೂರಿಸಿ, ಚಕ್ರ ಬಿಚ್ಚಿಟ್ಟು, ಹಳೆಯ ಕಂಬಳಿ ಹೊದೆಸಿದರು. "ದೇವರೇ ಇವತ್ತು ಮಲಗ್ತ. ಕಾರೂ ಮಲಗಲಿ" ಎಂದರು. ಸರ್ಟಿಫಿಕೇಟನ್ನು ನಾನು ಹುಬ್ಬಳ್ಳಿಗೆ ಕಳಿಸಿದೆ. "ಎರಡು ತಿಂಗಳು ಮುಟ್ಟಡಿ ಮಾವಾ" ಎಂದು ಬಾಯಲ್ಲಿ ಹೇಳಿದೆ. ತಾರೀಕು ಹೇಳಲಿಲ್ಲ. ಬರೆದೂ ಕೊಡಲಿಲ್ಲ.

ಕಂಪನಿಯವರು ಹೊಸ ಸರ್ಟಿಫಿಕೇಟು ಕಳಿಸಿದರು. ಯಾವ ತಾರೀಕಿನಿಂದ ವಿಮೆ ಮತ್ತೆ ಶುರು ಎಂದು ಅದರಲ್ಲಿ ಟೈಪು ಮಾಡಿತ್ತು. ಲಕೋಟೆ ಬಂದಾಗ ಶಾಲೆಯಲ್ಲಿ ಪರೀಕ್ಷೆ. ಉತ್ತರಪತ್ರಿಕೆಗಳ ಕಟ್ಟಿನ ಜೊತೆ ಅದು ನನ್ನ ಚೀಲದಲ್ಲಿ ಎರಡು ವಾರ ಕೂತಿತು. ಚೌತಿ ಕಳೆದ ಮೇಲೆ ಒಂದು ಭಾನುವಾರ ಯಲ್ಲಾಪುರದಿಂದ ಮೊದಲ ಬಸ್ಸು ಹಿಡಿದು, ಅದನ್ನು ಕೊಡೋಣವೆಂದು ಶಿರಸಿಗೆ ಬಂದೆ.

ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಮರದ ತುಂಡುಗಳು ಒಂದು ಮೂಲೆಯಲ್ಲಿದ್ದವು.

"ಮಾವ ಎಲ್ಲಿ?" ಎಂದೆ.

ಅತ್ತೆ ಒಲೆ ಊದುವ ಕೊಳವೆ ಹಿಡಿದೇ ಹೊರಗೆ ಬಂದರು. "ಸಿದ್ದಾಪುರಕ್ಕೆ ಹೋದ್ರಲಾ! ನಿನ್ನೆ ಏಕಾದಶಿಗೆ ಎರಡು ತಿಂಗಳು ಮುಗತ್ತು ಹೇಳಿ, ಇವತ್ತು ದ್ವಾದಶಿ ಒಳ್ಳೆ ದಿನ ಹೇಳಿ, ಬೆಳಗಾಗ್ತಿದ್ದಂಗೇ ಚಕ್ರ ಕೂರ್ಸಿ, ತೆಂಗಿನಕಾಯಿ ಒಡದು, ಈಗಷ್ಟೇ ಹೊರಟ್ರು. ಎಂತ ಆತು? ಮುಖ ಎಂತಕ್ಕೆ ಹಂಗೆ ಬಿಳಿಚಿದ್ದು?"

ನಾನು ಚೀಲ ಬಿಚ್ಚಿ ಸರ್ಟಿಫಿಕೇಟಿನ ತಾರೀಕು ನೋಡಿದೆ. ಮಾವ ಎರಡು ತಿಂಗಳನ್ನು ಲೆಕ್ಕ ಹಾಕಿದ್ದು ಪಂಚಾಂಗದಲ್ಲಿ: ಆಷಾಢ ಶುದ್ಧ ಏಕಾದಶಿಯಿಂದ ಭಾದ್ರಪದ ಶುದ್ಧ ಏಕಾದಶಿಗೆ. ಕಂಪನಿ ಲೆಕ್ಕ ಹಾಕಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ಚಾಂದ್ರಮಾಸ ಚಿಕ್ಕದು. ಕಂಪನಿಯ ಪ್ರಕಾರ ಆ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ವಿಮೆ ಶುರುವಾಗುವುದು ಮಂಗಳವಾರ. ನಾವು ಮನೆಯಲ್ಲಿ ಶ್ರಾದ್ಧ ಮಾಡುವುದೂ, ಹುಟ್ಟುಹಬ್ಬ ನೆನಪಿಡುವುದೂ ತಿಥಿಯಲ್ಲಿ. 'ಎರಡು ತಿಂಗಳು' ಎಂದರೆ ಮಾವ ಬೇರೇನು ಎಣಿಸಿಯಾರು? ಇದು ನನಗೆ ಹೊಳೆಯಬೇಕಿತ್ತು.

ಸಿದ್ದಾಪುರದ ಬಸ್ಸಿಗೆ ಓಡಿದೆ. ಕಿಟಕಿಯ ಪಕ್ಕದಲ್ಲೇ ಕೂತೆ. ವಿಮೆಯಿಲ್ಲದ ಕಾರು ಯಾರಿಗಾದರೂ ತಾಗಿದರೆ ಏನಾಗುತ್ತದೆಂದು ಬೇರೆಯವರಿಗೆ ಹೇಳಿ ಹೆದರಿಸಿ ಪಾಲಿಸಿ ಮಾರುವವನು ನಾನು. ಪೊಲೀಸು, ಕೋರ್ಟು, ಪೆಟ್ಟು ತಿಂದವನ ಪರಿಹಾರ, ಎಲ್ಲ ಬಾಯಿಪಾಠ. ಕಾನಸೂರಿನಲ್ಲಿ ಬಸ್ಸು ಚಹಕ್ಕೆ ನಿಂತಿತು. ಡ್ರೈವರು ಎರಡನೆಯ ಲೋಟ ಕೇಳಿದಾಗ ಅವನ ಕೈ ಹಿಡಿದು ಎಳೆಯಬೇಕು ಅನ್ನಿಸಿತು. "ಏನ್ ಮಾಸ್ತರೇ, ಸಿದ್ದಾಪುರದಲ್ಲಿ ಹೆಣ್ಣು ನೋಡೋಕಾ?" ಎಂದು ನಕ್ಕ. ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ.

ಸಿದ್ದಾಪುರ ಇನ್ನೂ ಮೂರು ಮೈಲಿ ಇದೆ ಅನ್ನುವಾಗ ಒಂದು ತಿರುವಿನಲ್ಲಿ ಜನ ಕಂಡರು. ಜನರ ನಡುವೆ ಮಾವನ ಕಾರು. ಅದರ ಮುಂದೆ ಮಡಚಿದ ಸೈಕಲ್ಲು, ರಸ್ತೆಯ ತುಂಬ ಹೊಲಿದ ಅಂಗಿಗಳು.

ಬಸ್ಸಿನಿಂದ ಹಾರಿದೆ. ನನ್ನನ್ನು ಇಳಿಸಿ ಬಸ್ಸು ಹೊರಟೇಹೋಯಿತು.

ಮಾವ ನೆಲದ ಮೇಲೆ ಕೂತು ಒಬ್ಬ ನಡುವಯಸ್ಸಿನ ಮನುಷ್ಯನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವನು ಸಿದ್ದಾಪುರ ಪೇಟೆಯ ದರ್ಜಿ. ಹೊಲಿದ ಬಟ್ಟೆ ಕೊಡಲು ಹಳ್ಳಿಗೆ ಹೊರಟವನು. ಎರಡು ತಿಂಗಳು ನಿಂತ ಬ್ಯಾಟರಿ ಸೊರಗಿ ಕಾರಿನ ಹಾರ್ನು ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಟ್ಟಿತ್ತು, ಅವನಿಗೆ ಕೇಳಿಸಲಿಲ್ಲ. ಅವನ ಪಾದ ಆಗಲೇ ಬಾತು ಬಣ್ಣ ಬದಲಿಸುತ್ತಿತ್ತು.

"ಹೆದರಬೇಡ ಮಾರಾಯ" ಎಂದು ಮಾವ ಅವನಿಗೆ ಹೇಳುತ್ತಿದ್ದರು. "ಆಸ್ಪತ್ರೆ ಖರ್ಚು, ನಿನ್ನ ಕೆಲಸ ನಿಂತ ನಷ್ಟ, ಎಲ್ಲ ವಿಮೆ ಕಂಪನಿ ಕೊಡ್ತದೆ. ಅಕೋ, ಏಜೆಂಟನೇ ಬಂದ. ನನ್ನ ಅಳಿಯ."

ಜನ ನನಗೆ ದಾರಿ ಬಿಟ್ಟರು. ದರ್ಜಿ ನೋವಿನಲ್ಲೂ ಕೈ ಮುಗಿದ. "ನಂದು ಕಾಲಲ್ಲಿ ತುಳಿಯೋ ಮಿಶಿನು ಏಜೆಂಟ್ರೇ. ಈ ಕಾಲಿಲ್ದಿದ್ರೆ ಮನೇಲಿ ಒಲೆ ಹತ್ತೋದಿಲ್ಲ. ಕಂಪನಿ ಬೇಗ ಕೊಡ್ತದಾ?"

ಮಾವನನ್ನು ಕಾರಿನ ಹಿಂದಕ್ಕೆ ಕರೆದೆ.

"ಮಾವಾ, ಕಂಪನಿ ಕೊಡ್ತಿಲ್ಲೆ."

"ಎಂತ?"

"ಇನ್ನೂ ಎರಡು ದಿನ ಬಾಕಿ ಇದ್ದು. ನಿಮ್ಮ ಲೆಕ್ಕ ತಿಥಿದು. ಅವರದ್ದು ತಾರೀಕಿಂದು. ಇವತ್ತು ಈ ಕಾರಿಗೆ ವಿಮೆ ಇಲ್ಲೆ. ಕಾಗದ ಎರಡು ವಾರದಿಂದ ನನ್ನ ಚೀಲದಲ್ಲೇ ಇದ್ದು."

ಅವರು ಡಿಕ್ಕಿಗೆ ಒರಗಿದರು. ಕಾಡುಗಳ್ಳರ ಕೊಡಲಿಗೆ ಹೆದರದ ಮನುಷ್ಯ. ಕನ್ನಡಕ ತೆಗೆದು ಒರೆಸಿ, ಒರೆಸಿ, ಮತ್ತೆ ಹಾಕಿಕೊಂಡರು. ನಾನು ಆಡಬಾರದ ಮಾತು ಆಡಿದ್ದು ಆಗಲೇ.

"ಎರಡೇ ದಿನದ ಮಾತು ಮಾವಾ. ಆಸ್ಪತ್ರೇಲಿ ಸೈಕಲ್ಲಿಂದ ಜಾರಿ ಬಿದ್ದ ಹೇಳಿ ಬರ್ಸನ. ಕಾರಿನ ವಿಷಯ ಮಂಗಳವಾರ ಹೇಳಿದ್ರೆ ಆತು. ಅವಂಗೂ ದುಡ್ಡು ಸಿಗ್ತು, ನಿಮ್ಮ ಮರ್ಯಾದಿನೂ ಉಳಿತು."

"ಅವನ ಕಾಲು ಇವತ್ತು ಮುರದ್ದು" ಎಂದರು ಮಾವ. ಅಷ್ಟೇ. ತಿರುಗಿ ಹೋಗಿ ದರ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನೋಡು, ಈಗ ಹೇಳಿದ್ದು ಸುಳ್ಳಾಯ್ತು. ನನ್ನ ವಿಮೆ ಇವತ್ತಿಗಿಲ್ಲ. ಕಂಪನಿ ಕೊಡೋದಿಲ್ಲ, ನಾನು ಕೊಡ್ತೇನೆ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಸಿಕ್ಕಿಬಿದ್ದಾಗ ಎಲ್ಲರೂ ಕೊಡೋರೇ" ಎಂದು ಒಬ್ಬ ದೊಡ್ಡದಾಗಿಯೇ ಅಂದ. ದರ್ಜಿ ಮಾವನ ಮುಖವನ್ನೇ ನೋಡುತ್ತಿದ್ದ.

ಮುಂದಿನ ಬಸ್ಸಿಗೆ ಎರಡು ತಾಸಿತ್ತು. ಇದ್ದದ್ದು ಆ ಕಾರೊಂದೇ. ಅದು ಇನ್ನೊಂದು ಗಜ ಉರುಳಿದರೂ ಇನ್ನೊಂದು ತಪ್ಪು. ದಾರಿಯಲ್ಲಿ ಮತ್ತೆ ದನಕ್ಕೋ ಮನುಷ್ಯನಿಗೋ ತಾಗಿದರೆ ಮುಗಿದೇಹೋಯಿತು. ನಾನು ಎತ್ತಿನ ಗಾಡಿ ಹುಡುಕುತ್ತೇನೆಂದೆ. "ಗಾಡಿಲಿ ಕುಲುಕಿದ್ರೆ ಮೂಳೆ ಎಂತ ಆಗ್ತು ಗೊತ್ತಿದ್ದಾ ನಿಂಗೆ?" ಎಂದು ಮಾವ ಹಿಂದಿನ ಬಾಗಿಲು ತೆಗೆದರು.

ಆ ಮೂರು ಮೈಲಿಯಷ್ಟು ಉದ್ದದ ದಾರಿಯನ್ನು ನಾನು ಆಮೇಲೆ ಕಂಡಿಲ್ಲ. ಹಾರ್ನು ಸತ್ತಿದ್ದರಿಂದ ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಸರೀರಿ! ಸರೀರಿ!" ಎಂದು ಕೂಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ದರ್ಜಿ ಹಲ್ಲು ಕಚ್ಚಿಕೊಂಡು ಮಲಗಿದ್ದ. ಒಂದು ಇಳಿಜಾರಿನಲ್ಲಿ ಎದುರಿಗೆ ಮರ ತುಂಬಿದ ಲಾರಿ ಬಂತು. ಮಾವ ಬ್ರೇಕು ತುಳಿದರು. ಕಾರು ಒಂದು ಮಾರು ಜಾರಿತು, ಕೆಸರಿಗೆ ಹಿಂದಿನ ಚಕ್ರ ಓಲಿತು, ನಿಂತಿತು. ಲಾರಿ ನಮ್ಮ ಕನ್ನಡಿಯನ್ನು ಸವರಿಕೊಂಡು ದಾಟಿತು.

"ಸಾಹೇಬ್ರೇ" ಎಂದಿತು ಹಿಂದಿನಿಂದ ಸಣ್ಣ ದನಿ, "ಇನ್ನೊಂದು ಕಾಲು ಇರ್ಲಿ."

ಮಾವ ನಗಲಿಲ್ಲ. ಮತ್ತೆ ಗೇರು ಹಾಕಿದರು.

ಡಾಕ್ಟರು ಕಾಲು ನೋಡಿ, ಗಿಣ್ಣಿನ ಮೂಳೆ ಬಿರಿದಿದೆ, ಆರು ವಾರ ಪ್ಲಾಸ್ಟರು ಎಂದರು. ಪ್ಲಾಸ್ಟರು ಒಣಗುವ ಮೊದಲೇ ಮಾವ ನನ್ನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ನಡೆದರು. ಧಾರವಾಡ ಕಡೆಯ ಫೌಜದಾರರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಎದ್ದು ನಿಂತು "ಬರ್ರಿ ರೇಂಜರ್ ಸಾಹೇಬ್ರ, ಕುಂದರ್ರಿ" ಎಂದರು. ಮಾವ ಕೂರಲಿಲ್ಲ. ನಡೆದದ್ದನ್ನು ನಿಂತೇ ಹೇಳಿದರು. ಲಕೋಟೆ ನನ್ನ ಚೀಲದಲ್ಲಿ ಎರಡು ವಾರ ಕೊಳೆತದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನೇ ಹೇಳಿದೆ.

ಫೌಜದಾರರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ದರ್ಜಿ ಕಂಪ್ಲೇಂಟೇ ಕೊಟ್ಟಿಲ್ಲಲ್ರಿ. ನೀವಾ ಬಂದು ಯಾಕ ಕೊರಳು ಕೊಡ್ತೀರಿ?"

"ಬರ್ಕೊಳಿ" ಎಂದರು ಮಾವ.

ಕಾರು ಠಾಣೆಯ ಅಂಗಳದಲ್ಲಿ ನಿಂತಿತು. ಕೇಸು ಕೋರ್ಟಿಗೆ ಹೋಯಿತು. ಕಂಪನಿಯಿಂದ ಎರಡು ಕಾಗದ ಬಂದವು: ಅವಧಿಯೊಳಗೆ ಕಾರು ಹೊರಟಿದ್ದರಿಂದ ವಜಾ ರದ್ದು ಎಂದು ಮಾವನಿಗೆ, ಇನ್ನೊಮ್ಮೆ ಹೀಗಾದರೆ ಏಜೆಂಟಿಕೆ ರದ್ದು ಎಂದು ನನಗೆ. ಕೋರ್ಟಿನಲ್ಲಿ ದರ್ಜಿ ಊರುಗೋಲಿನ ಮೇಲೆ ನಿಂತು, ಯಾರೂ ಕೇಳದಿದ್ದರೂ, "ನನ್ನ ಸೈಕಲ್ಲಿಗೆ ಬ್ರೇಕಿರ್ಲಿಲ್ಲ ಸ್ವಾಮಿ" ಎಂದುಬಿಟ್ಟ. ದಂಡ ಹಾಕಿ ಬಿಟ್ಟರು. ನಾನು ಹೆದರಿದಂತೆ ಪೆನ್ಶನ್ನಿಗೆ ಏನೂ ಆಗಲಿಲ್ಲ. ಮಾವ ಮಾತ್ರ ಆ ಒಂದೂವರೆ ತಿಂಗಳಲ್ಲಿ ಐದು ವರ್ಷ ಮುದುಕರಾದರು.

ದಂಡ ಕಟ್ಟಿದ್ದೊಂದೇ ಆಗಿದ್ದರೆ ಅವರು ಇನ್ನೂ ಮುದುಕರಾಗುತ್ತಿದ್ದರೋ ಏನೋ. ಅಪಘಾತವಾದ ಮರುವಾರವೇ ಅತ್ತೆ ತಮ್ಮ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಶಿನನ್ನು ಪೆಟ್ಟಿಗೆ ಸಮೇತ ಎತ್ತಿ ಕೊಟ್ಟರು. "ಆನು ವರ್ಷಕ್ಕೊಂದು ದಿಂಬು ಹೊಲಿಯದು. ಅವಂಗೆ ಕೊಡಿ." ಮಾವ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಿದ್ದಾಪುರಕ್ಕೆ ಒಯ್ದರು. ಆದರೆ ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಅಭ್ಯಾಸವಾದ ದರ್ಜಿಗೆ ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಹೊಲಿಗೆ ನೇರ ಬರಲಿಲ್ಲ. ಮಾವ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

ಇಸ್ಪೀಟಿನ ಗೆಳೆಯರು ಎರಡು ಭಾನುವಾರ ಕಾದು, ಮೂರನೆಯದಕ್ಕೆ ಹುಡುಕಿಕೊಂಡು ದರ್ಜಿಯ ಅಂಗಡಿಗೆ ಬಂದರಂತೆ. ನಾನು ಹೋದ ದಿನವೂ ಮಾವ ಅಲ್ಲಿಯೇ ಇದ್ದರು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಎರಡೂ ಕಣ್ಣು ಸೂಜಿಯ ಮೇಲಿಟ್ಟು ಹಿಡಿಕೆ ತಿರುಗಿಸುತ್ತ. ದರ್ಜಿ ಬಟ್ಟೆ ಸರಿಸುತ್ತ ಗದರುತ್ತಿದ್ದ:

"ಅಷ್ಟು ಜೋರು ಬೇಡ ಸಾಹೇಬ್ರೇ, ದಾರ ಹರೀತದೆ."

ಮಾವ ನಿಧಾನ ಮಾಡಿದರು.