ಕಾಕುವಿನ ಉಪವಾಸ

ಹೋದ ವಾರ ನಿಪ್ಪಾಣಿಯ ತವರುಮನೆಯಲ್ಲಿ ಅಡುಗೆಮನೆಯ ಮೇಲಿನ ಹಲಗೆ ಒರೆಸುತ್ತಿದ್ದೆ. ಹಿಂದಕ್ಕೆ ಸರಿದು ಕೂತಿದ್ದ ಒಂದು ಸ್ಟೀಲಿನ ಬಟ್ಟಲು, ನಮ್ಮ ಮಾತಿನಲ್ಲಿ ವಾಟಗಾ, ಕೈಗೆ ತಾಗಿತು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ನಮ್ಮ ಮನೆಯವರದಲ್ಲ, ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರ ಗಂಡನದು. ತೊಳೆದಿಟ್ಟು ಎಷ್ಟೋ ವರ್ಷವಾದ ಪಾತ್ರೆ. ಆದರೂ ಸುಮ್ಮನೆ ಮೂಗಿನ ಹತ್ತಿರ ಒಯ್ದೆ. ತುಪ್ಪ, ಜೀರಿಗೆ, ಹುರಿದ ಶೇಂಗಾ... ಇರಲಿಕ್ಕೆ ಸಾಧ್ಯವೇ ಇಲ್ಲ, ಆದರೂ ಬಂದಂತಾಯಿತು.

ನಮ್ಮ ಕಡೆ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡುವುದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಕಾಕುವಿನ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ ಎದೆಮಟ್ಟದ್ದು. ಅದರ ಮೇಲೆ ದಿನಕ್ಕೆ ಎರಡು ಸಲವಾದರೂ ವಾಟಗಾಗಳು ಓಡಾಡುತ್ತಿದ್ದವು. ಇದೊಂದು ಮಾತ್ರ ನಮ್ಮಲ್ಲೇ ಉಳಿಯಿತು. ಇದರಲ್ಲಿ ಏನು ಹಾಕಿ ಕೊಡಬೇಕೆಂದು ಅವ್ವನಿಗೆ ಕೊನೆಗೂ ತಿಳಿಯಲಿಲ್ಲ.

ಕಾಕುವಿಗೆ ಮಕ್ಕಳಿರಲಿಲ್ಲ. ಗಂಡ ಬಸ್ ಕಂಡಕ್ಟರಾಗಿದ್ದವರು, ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದರು. ಕಾಕು ಹುಟ್ಟಿದ ಊರು ಅಥಣಿ. ನಿಪ್ಪಾಣಿಗೆ ಬಂದ ಮೇಲೆ ಮಾತಿನಲ್ಲಿ ಅರ್ಧ ಮರಾಠಿ ಸೇರಿಕೊಂಡಿತ್ತು. ಅವರಿಗೆ ಹೆಮ್ಮೆ ಎನ್ನುವುದೇನಾದರೂ ಇದ್ದರೆ ಅದು ಉಪವಾಸದ್ದು. ಸೋಮವಾರ, ಸಂಕಷ್ಟಿ, ಏಕಾದಶಿ, ಯಾವುದನ್ನೂ ಬಿಟ್ಟವರಲ್ಲ. ಉಪವಾಸವೆಂದರೆ ಹೊಟ್ಟೆಗೆ ಏನೂ ಇಲ್ಲ ಎಂದೇನಲ್ಲ, ಫರಾಳ ನಡೆಯುತ್ತದೆ. ಸಬ್ಬಕ್ಕಿಯ ಸಾಬೂದಾಣಿ ಖಿಚಡಿ, ಗೆಣಸು, ಬಟಾಟೆ, ಬಾಳೆಹಣ್ಣು, ಹಾಲು. ಕಾಕು ಉಳಿದ ದಿನಕ್ಕಿಂತ ಉಪವಾಸದ ದಿನವೇ ಎರಡು ತುತ್ತು ಹೆಚ್ಚು ತಿನ್ನುತ್ತಾರೆ ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದರು. ಕಾಕು ನಗುತ್ತ ಅಪ್ಪನಿಗೂ ಒಂದು ವಾಟಗಾ ಕಳಿಸುತ್ತಿದ್ದರು.

ನಾನು ಡಿಗ್ರಿ ಓದುತ್ತಿದ್ದ ವರ್ಷ ನಮ್ಮ ಮನೆಗೆ ಡೆನ್ಮಾರ್ಕಿನ ಹುಡುಗಿಯೊಬ್ಬಳು ಬಂದಳು. ಊರಿನ ಕ್ಲಬ್ಬೊಂದು ಪರದೇಶದ ವಿದ್ಯಾರ್ಥಿಗಳನ್ನು ಕರೆಸಿ ಸದಸ್ಯರ ಮನೆಗಳಲ್ಲಿ ಇಡುತ್ತಿತ್ತು. ಆಕೆ ಇಲ್ಲಿನ ಕಾಲೇಜಿನಲ್ಲಿ ಒಂದು ವರ್ಷ ಓದಬೇಕು, ನಮ್ಮ ಮನೆಯಲ್ಲಿ ಮಗಳಂತೆ ಇರಬೇಕು. ಯಾರ ಮನೆಯಲ್ಲಿ ಎಂದು ಸಭೆಯಲ್ಲಿ ಕೇಳಿದಾಗ ಪಂಪ್‌ಸೆಟ್ ಅಂಗಡಿಯ ನಮ್ಮಪ್ಪ ಕೈ ಎತ್ತಿ ಬಂದರು, ಅವ್ವನನ್ನು ಒಂದು ಮಾತೂ ಕೇಳದೆ. ಅವ್ವ ಸಿಟ್ಟಿನಿಂದ ಕೆಲವು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಹುಡುಗಿಯನ್ನು ಕರೆತಂದ ದಿನವೇ ಕ್ಲಬ್ಬಿನವರು ಹೊರಡುವ ಮುಂಚೆ, ಚಪ್ಪಲಿ ಮೆಟ್ಟಿಕೊಳ್ಳುತ್ತ, ಇನ್ನೊಂದು ಮಾತು ಹೇಳಿದರು. ಆಕೆಗೆ ಶೇಂಗಾ ಆಗುವುದಿಲ್ಲ. ಬದನೆಕಾಯಿ ತಿಂದರೆ ಕೆಲವರಿಗೆ ತುರಿಕೆ ಏಳುವಂತೆ ಇರಬೇಕು ಎಂದುಕೊಂಡೆವು. ಆ ಸಂಜೆ ಹುಡುಗಿಯ ತಾಯಿ ಫೋನಿನ ಪರದೆಯ ಮೇಲೆ ಕಾಣಿಸಿಕೊಂಡರು. ಶೇಂಗಾದ ಒಂದು ಚೂರು ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರು ನಿಲ್ಲುತ್ತದೆ, ಸಣ್ಣವಳಿದ್ದಾಗ ಒಮ್ಮೆ ಸಾವಿನ ಬಾಗಿಲು ಮುಟ್ಟಿ ಬಂದಿದ್ದಾಳೆ ಎಂದರು. ಅವರ ಇಂಗ್ಲಿಷನ್ನು ನಾನು ಅವ್ವನಿಗೆ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಕೊನೆಗೆ ಅವರೊಂದು ಮಾತು ಹೇಳಿದರು. ಅದನ್ನೂ ಅವ್ವನಿಗೆ ತಿರುಗಿಸಿ ಹೇಳಿದೆ.

“ನೀವು ಪ್ರೀತಿಲೆ ಉಣ್ಣಾಕ ಹಾಕ್ತೀರಿ ಅನ್ನೂದು ಗೊತ್ತೈತಂತ. ಅವರಿಗೆ ಅದರದ ಅಂಜಿಕಿ ಅಂತ.”

ಹುಡುಗಿ ತನ್ನ ಚೀಲದಿಂದ ದಪ್ಪ ಪೆನ್ನಿನಂಥದ್ದೊಂದು ತೆಗೆದಳು. ಒಳಗೆ ಔಷಧಿ, ತುದಿಯಲ್ಲಿ ಸೂಜಿ. ಏನಾದರೂ ಆದರೆ ಅದನ್ನು ತೊಡೆಗೆ ಚುಚ್ಚಿ ಹಿಡಿಯಬೇಕು, ಬಟ್ಟೆಯ ಮೇಲಿಂದಲೇ. ಸೂಜಿಯಿಲ್ಲದ ಇನ್ನೊಂದು ಪೆನ್ನಿನಿಂದ ನಮಗೆಲ್ಲ ಕಲಿಸಿದಳು. ಇಂಜೆಕ್ಷನ್ ಕಂಡರೆ ಕಣ್ಣು ಮುಚ್ಚುವ ಅವ್ವ ಒಂದೇ ಸಲ ಚುಚ್ಚಿ, ಕೈ ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಆ ಪೆನ್ನಿನ ಪೆಟ್ಟಿಗೆ ಫ್ರಿಜ್ಜಿನ ಮೇಲೆ ಕೂತಿತು. ನೀರು ಕುಡಿಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಕಡೆಯ ಅಡುಗೆ ಗೊತ್ತಿರುವವರಿಗೆ ನಮ್ಮ ಪಾಡು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿಯ ಜೊತೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಎಣ್ಣೆಗಾಯಿಯ ಹೊಟ್ಟೆಯಲ್ಲಿ ಶೇಂಗಾ, ಪಲ್ಯದ ಮೇಲೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಒಗ್ಗರಣೆಗೆ ಶೇಂಗಾ ಎಣ್ಣೆ. ಅವ್ವ ಎಲ್ಲವನ್ನೂ ಹೊರಗೆ ಹಾಕಿದಳು. ಮಿಕ್ಸರ್ ಜಾರು ಹೊಸದು ಬಂತು, ಬಾಣಲೆ ಹೊಸದು ಬಂತು. ಹಿಂಡಿಯಿಲ್ಲದ ರೊಟ್ಟಿಯನ್ನು ಅಪ್ಪ ಮೊಸರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಕೈ ಎತ್ತಿ ಬಂದವರು ತಾವೇ ಆದ್ದರಿಂದ ಮಾತಾಡುವ ಹಾಗಿರಲಿಲ್ಲ.

ಮನೆಯನ್ನೇನೋ ಸ್ವಚ್ಛ ಮಾಡಬಹುದು. ಊರನ್ನು? ಆ ವರ್ಷ ನನಗೆ ಹೋದಲ್ಲೆಲ್ಲ ಶೇಂಗಾ ಕಾಣಹತ್ತಿತು. ಬಸ್ಸಿನ ಸೀಟಿನ ಕೆಳಗೆ ಸಿಪ್ಪೆ, ಕಾಲೇಜಿನ ಬೆಂಚಿನ ಸಂದಿಯಲ್ಲಿ ಸಿಪ್ಪೆ, ಚಿಕ್ಕೋಡಿಗೆ ಮದುವೆಗೆ ಹೋದರೆ ಕುರ್ಚಿಯ ಮೇಲೆ ಯಾರೋ ಬಿಟ್ಟುಹೋದ ಪೊಟ್ಟಣ. ಸಂಜೆ ಗಾಡಿಯವನು ಕಡಾಯಿಗೆ ಸೌಟು ಬಡಿಯುತ್ತ ಓಣಿಗೆ ಬರುತ್ತಿದ್ದ. ಸಣ್ಣವಳಿದ್ದಾಗ ಆ ಸದ್ದಿಗೆ ಓಡಿ ಹೋಗುತ್ತಿದ್ದವಳು ಈಗ ಕಿಟಕಿ ಮುಚ್ಚುತ್ತಿದ್ದೆ. ಏನೋ ಒಂದು ನಮ್ಮ ಮನೆಯ ಸುತ್ತ ಸುತ್ತು ಹಾಕುತ್ತಿದೆ, ಯಾವುದಾದರೂ ಬಾಗಿಲು ತೆರೆಯಲಿ ಎಂದು ಕಾಯುತ್ತಿದೆ ಎಂದು ಅನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಹಾಗೇ ಅನಿಸುತ್ತಿತ್ತೆಂದು ಆಮೇಲೆ ಗೊತ್ತಾಯಿತು.

ಹುಡುಗಿಗೆ ಮಾತ್ರ ಆ ಅಂಜಿಕೆ ಇದ್ದಂತೆ ಕಾಣುತ್ತಿರಲಿಲ್ಲ. ಅವಳು ಕಲಿತ ಮೊದಲ ಕನ್ನಡ “ಶೇಂಗಾ ಐತೇನ್ರಿ?” ಯಾರು ಏನು ಕೊಟ್ಟರೂ ಅದೇ ಪ್ರಶ್ನೆ. ಅಪ್ಪ ನೀರಿನ ತಂಬಿಗೆ ಕೊಟ್ಟರೂ ಕಣ್ಣು ಮಿಟುಕಿಸಿ ಕೇಳುತ್ತಿದ್ದಳು. ಉದ್ದ ಕಾಲಿನ, ಬಿಸಿಲಿಗೆ ಕೆಂಪಾಗುವ, ನಕ್ಕರೆ ಇಡೀ ಮೈ ನಗುವ ಹುಡುಗಿ. ಅವಳು ನನ್ನ ಕೋಣೆಯಲ್ಲೇ ಮಲಗುತ್ತಿದ್ದಳು. ಒಡಹುಟ್ಟಿದವರಿಲ್ಲದ ನನಗೆ ಅವಳ ಮೇಲೆ ಎಷ್ಟು ಜೀವವಿತ್ತೆಂದು ಈಗಲೂ ಹೇಳಲಿಕ್ಕೆ ಬರುವುದಿಲ್ಲ.

ಕಾಕುವಿನ ಪ್ರೀತಿ ನನ್ನದಕ್ಕಿಂತ ಹೆಚ್ಚಿನದು. ಮೊದಲು ವಿಷಯ ಕೇಳಿದಾಗ ಶೇಂಗಾ ಇಲ್ಲದ ಜೀವನ ಎಂಥದ್ದು ಪಾಪ ಎಂದು ಮರುಗಿದ್ದರು. ಆಮೇಲೆ ಆ ಹುಡುಗಿಗೆಂದೇ ಬೇರೆ ಎಣ್ಣೆ ತರಿಸಿದರು, ಬೇರೆ ಬಾಣಲೆ ಇಟ್ಟರು. ಪಲ್ಯ ಕಳಿಸುವಾಗ ಗೋಡೆಯ ಆಚೆಯಿಂದಲೇ ಕೂಗಿ ಹೇಳುತ್ತಿದ್ದರು, ಇದರಲ್ಲಿ ಶೇಂಗಾ ಇಲ್ಲ ಎಂದು. ಹುಡುಗಿ ಕಾಲೇಜಿನಿಂದ ಬಂದವಳೇ ಅವರ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಒಬ್ಬರ ಮಾತು ಒಬ್ಬರಿಗೆ ಅರ್ಧವೂ ತಿಳಿಯದೆ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು. ಬರಬರುತ್ತ ಕಾಕುವಿನ ಕೈಯ ತಿನಿಸಿಗೆ ಅವಳು ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು.

ಹಬ್ಬದ ದಿನಗಳಲ್ಲಿ ನಾವು ಕಾವಲು ಕಾದೆವು. ದೀಪಾವಳಿಯ ತಿಂಡಿಯ ತಟ್ಟೆಗಳು ಬಾಗಿಲಿನಿಂದಲೇ ವಾಪಸಾದವು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆದ ನೆಂಟರಿಗೆ ಬರುವುದಿಲ್ಲವೆಂದೆವು. ಸಂಕ್ರಾಂತಿಯ ದಿನ ಎಳ್ಳು ಕೊಡಲು ಬಂದವರನ್ನೆಲ್ಲ ಅವ್ವ ಅಂಗಳದಲ್ಲೇ ಮಾತಾಡಿಸಿ ಕಳಿಸಿದಳು. ಊರಿನವರು ಬೇಜಾರು ಮಾಡಿಕೊಂಡರು. ಅವ್ವ ಬಗ್ಗಲಿಲ್ಲ.

ಶಿವರಾತ್ರಿಯ ದಿನ ನಾವು ಹಗುರವಾಗಿದ್ದೆವು. ಉಪವಾಸ, ಮನೆಯಲ್ಲಿ ಅಡುಗೆಯೇ ಇಲ್ಲ. ಹುಡುಗಿಯೂ ಹಟ ಹಿಡಿದು ನಮ್ಮ ಜೊತೆ ಉಪವಾಸ ಹಿಡಿದಿದ್ದಳು. ಬೆಳಿಗ್ಗೆ ಖರ್ಜೂರ, ಬಾಳೆಹಣ್ಣು ತಿಂದಿದ್ದಳು, ಅಷ್ಟೆ. ಮಧ್ಯಾಹ್ನ ತಲೆನೋವೆಂದು ಅಂಗಳದ ಮಂಚದ ಮೇಲೆ ಮಲಗಿದಳು. ಅಪ್ಪ ಅಂಗಡಿಯಲ್ಲಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಅವ್ವ ಮತ್ತು ನಾನು ಗುಡಿಗೆ ಹೊರಟೆವು. ವರ್ಷದಲ್ಲಿ ಮೊದಲ ಸಲ ಅವ್ವ ಕಾಕುವಿಗೆ ಹುಡುಗಿಯ ಕಡೆ ಲಕ್ಷ್ಯ ಇಡಿ ಎಂದಷ್ಟೇ ಹೇಳಿದಳು, ಊಟದ ಮಾತು ಎತ್ತಲಿಲ್ಲ. ಊಟವೇ ಇಲ್ಲದ ದಿನ ಏನೆಂದು ಎತ್ತುವುದು?

ಬಾಡಿದ ಮುಖದ ಆ ಹುಡುಗಿಯನ್ನು ಕಾಕು ಗೋಡೆಯ ಆಚೆಯಿಂದ ನೋಡಿದರು. ಅವರ ಕರುಳು ತಡೆಯಲಿಲ್ಲ. ಮಾಡಿಟ್ಟಿದ್ದ ಸಾಬೂದಾಣಿ ಖಿಚಡಿಯನ್ನು ಬಿಸಿ ಮಾಡಿ, ಮೇಲೊಂದು ಚಮಚ ತುಪ್ಪ ಹಾಕಿ, ಈ ವಾಟಗಾದಲ್ಲಿ ಕೊಟ್ಟು ಪೂಜೆಗೆ ಒಳಗೆ ಹೋದರು. ಖಿಚಡಿಗೆ ಶೇಂಗಾ ಪುಡಿ ಬೀಳುವುದು ನಮ್ಮ ಓಣಿಯ ಯಾವ ಹೆಂಗಸಿನ ಲೆಕ್ಕಕ್ಕೂ ಬರುವುದಿಲ್ಲ, ಉಪ್ಪು ಬಿದ್ದಂತೆ ಅದು. ಅಂದು ಕಾಕು ಎಲ್ಲವನ್ನೂ ಉಪವಾಸದ ಕಣ್ಣಿನಿಂದಲೇ ನೋಡಿದ್ದರು. ಉಳ್ಳಾಗಡ್ಡಿ ಮುಟ್ಟಿರಲಿಲ್ಲ, ಅರಿಶಿನ ಹಾಕಿರಲಿಲ್ಲ. ಎಳೆ ಮಗುವಿಗೂ ಕೊಡಬಹುದಾದ ಶುದ್ಧ ಫರಾಳ. ಹುಡುಗಿ ಸಾಬೂದಾಣಿಯನ್ನು ಅಂದೇ ಮೊದಲು ಕಂಡಿದ್ದು. ಕಾಕು ಕೊಟ್ಟಿದ್ದೆಂದು ಕೇಳಲಿಲ್ಲ.

ನಾವು ಬಂದಾಗ ವಾಟಗಾ ಮಂಚದ ಕೆಳಗಿತ್ತು, ಅರ್ಧ ಖಾಲಿ. ಹುಡುಗಿ ಗೋಡೆಗೆ ಆತು ನಿಂತು ಕುತ್ತಿಗೆ ಹಿಡಿದುಕೊಂಡಿದ್ದಳು. ತುಟಿ ಬಾತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಉಸಿರಿನ ಜೊತೆ ಸೀಟಿಯಂಥ ಸಪ್ಪಳ ಬರುತ್ತಿತ್ತು. ಏನೋ ಹೇಳಲು ಹೋದಳು, ದನಿ ಏಳಲಿಲ್ಲ. ನಾನು ನಿಂತಲ್ಲೇ ಕಲ್ಲಾದೆ. ಅವ್ವ ನನ್ನನ್ನು ದೂಡಿ ಒಳಗೆ ಓಡಿದಳು, ಪೆಟ್ಟಿಗೆ ತಂದಳು, ಹುಡುಗಿಯನ್ನು ಮಂಚಕ್ಕೆ ಕೆಡವಿ ತೊಡೆಗೆ ಚುಚ್ಚಿ ಹಿಡಿದಳು. ಕಣ್ಣು ಮುಚ್ಚಲಿಲ್ಲ. ಅಪ್ಪ ಓಡಿಸಿಕೊಂಡು ಬಂದ ಅಂಗಡಿಯ ಟೆಂಪೋದಲ್ಲಿ ದವಾಖಾನೆಗೆ ಒಯ್ದೆವು. ಅಲ್ಲಿಂದ ಕೊಲ್ಹಾಪುರಕ್ಕೆ... ಆ ದಾರಿ ನನಗೆ ನೆನಪಿಲ್ಲ. ಅವಳ ಎದೆ ಏರುತ್ತದೋ ಇಲ್ಲವೋ ಎಂದು ನೋಡುತ್ತ ಕೂತಿದ್ದಷ್ಟೇ ನೆನಪು.

ಅವಳು ಉಳಿದಳು. ಅವ್ವನ ಕೈ ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮಾತಾಡಲು ಬಂದ ಮೇಲೆ ಅವಳು ನನ್ನ ಕೈ ಹಿಡಿದು, ಕಲಿತ ಕನ್ನಡವನ್ನೆಲ್ಲ ಕೂಡಿಸಿ ಹೇಳಿದ ಮೊದಲ ಮಾತು ಇದು:

“ಕಾಕೂಗ ಹೇಳಬ್ಯಾಡ್ರಿ. ಏನೂ ಹೇಳಬ್ಯಾಡ್ರಿ.”

ನಮ್ಮ ಮನೆಗೆ ಅವಳು ಮತ್ತೆ ಬರಲಿಲ್ಲ. ಕ್ಲಬ್ಬಿನವರು ಆಸ್ಪತ್ರೆಯಿಂದಲೇ ಕರೆದೊಯ್ದು ಊರಿಗೆ ಕಳಿಸಿದರು. ಅವಳ ತಾಯಿ ಫೋನಿನಲ್ಲಿ ಅವ್ವನನ್ನು ನೋಡುತ್ತ ಅತ್ತರು, ಬೈಯಲಿಲ್ಲ. ಅವ್ವನೂ ಅತ್ತಳು. ಅಲ್ಲಿ ನಾನು ತಿರುಗಿಸಿ ಹೇಳುವಂಥದ್ದು ಏನೂ ಇರಲಿಲ್ಲ.

ಹುಡುಗಿಗೆ ಬಿಸಿಲು ಬಡಿದು ಜ್ವರ ಬಂದಿತ್ತು, ಮನೆಯವರು ಕರೆಸಿಕೊಂಡರು ಎಂದು ಕಾಕುವಿಗೆ ಹೇಳಿದೆವು. ಪೋರಿ ಆರಾಮ ಇದ್ದಾಳೇನು ಎಂದು ಕೇಳಿದರು. ಇದ್ದಾಳೆ ಎಂದೆವು. ಖಿಚಡಿಯ ಮಾತನ್ನು ಅವರು ಎತ್ತಲಿಲ್ಲ, ವಾಟಗಾ ಕೇಳಲಿಲ್ಲ. ಬಚಾವಾದೆವು ಎಂದುಕೊಂಡೆವು.

ಅದಾದ ಮೇಲೆ ಕಾಕು ಉಪವಾಸ ಬಿಟ್ಟರು. ಮೊದಲು ಸೋಮವಾರ ಹೋಯಿತು, ಆಮೇಲೆ ಸಂಕಷ್ಟಿ, ಏಕಾದಶಿ. ಆಗವಲ್ದು, ತಲೆ ತಿರುಗುತ್ತದೆ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಇರಬೇಕು, ಬಿಟ್ಟಿದ್ದೇ ಒಳ್ಳೆಯದಾಯಿತು ಎಂದು ಅವ್ವ ಸಮಾಧಾನಪಟ್ಟಳು. ಗೋಡೆಯ ಮೇಲೆ ವಾಟಗಾಗಳ ಓಡಾಟ ಕಡಿಮೆಯಾಗುತ್ತ ಬಂದು, ಒಂದು ದಿನ ನಿಂತೇ ಹೋಯಿತು. ಜಗಳವಿಲ್ಲ, ಮಾತು ಬಿಟ್ಟಿದ್ದಿಲ್ಲ. ಹೊರಗೆ ಕಂಡಾಗ ನಗುತ್ತಿದ್ದರು. ತಿನ್ನುವುದನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಈ ಮಳೆಗಾಲದ ಕೊನೆಗೆ ಕಾಕು ತೀರಿಕೊಂಡರು. ಅಥಣಿಯಿಂದ ಅವರ ಅಣ್ಣನ ಮಗಳು ಬಂದು ಮನೆ ಖಾಲಿ ಮಾಡುತ್ತಿದ್ದಾಳೆ. ವಾಟಗಾ ಸಿಕ್ಕ ದಿನ ಅದಕ್ಕೆ ಒಂದು ಹಿಡಿ ಸಕ್ಕರೆ ಹಾಕಿಕೊಂಡು ಅಲ್ಲಿಗೆ ಹೋದೆ. ಅದನ್ನು ಕೈಗೆ ತೆಗೆದುಕೊಂಡು ಆಕೆ ಅಂಚಿನ ಕೆಳಗಿನ ಹೆಸರು ಓದಿದಳು. ನಾನೇ ಏನಾದರೂ ಮಾತಾಡಬೇಕೆಂದು, ಕಾಕುವಿಗೆ ಸಕ್ಕರೆ ಕಾಯಿಲೆ ಯಾವಾಗಿನಿಂದ ಇತ್ತು ಎಂದು ಕೇಳಿದೆ.

“ಎಲ್ಲೀ ಸಕ್ಕರಿ ಕಾಯ್ಲಿರೀ ಅಕ್ಕಾ,” ಅಂದಳು. “ಅತ್ಯಾಗ ಅವತ್ತ ಗೊತ್ತಾಗಿತ್ತು. ನಿಮ್ಮ ಟೆಂಪೋ ಹೋಗಿದ್ದ ನೋಡಿ ಒಳಗ ಬಂದು, ಉಳಿದಿದ್ದ ಖಿಚಡಿ ನೋಡ್ಕೋತ ಕುಂತಿದ್ಲಂತ. ನನ್ನ ಉಪವಾಸ ಒಂದು ಕೂಸಿನ ಜೀವಕ್ಕ ಬಂತು, ಇನ್ನ ಅದು ದೇವರಿಗೆ ಮುಟ್ಟಂಗಿಲ್ಲ ಅಂತಿದ್ಲು.”

ಮತ್ತೆ ನಮಗೇಕೆ ಹೇಳಲಿಲ್ಲ ಎಂದೆ.

“ಗೊತ್ತೈತಿ ಅಂತ ಹೇಳಿದ್ರ ಅವರು ನನ್ನ ಮುಖಾ ಹೆಂಗ ನೋಡ್ಬೇಕು ಅಂತಿದ್ಲ್ರೀ.”

ವಾಟಗಾವನ್ನು ಆಕೆ ನನಗೇ ವಾಪಸು ಕೊಟ್ಟಳು, ಸಕ್ಕರೆ ತೆಗೆದುಕೊಂಡು, ಬದಲಿಗೆ ದೇವರ ಮುಂದಿದ್ದ ಎರಡು ಬಾಳೆಹಣ್ಣು ಇಟ್ಟು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಂಗಳಕ್ಕೆ ಹೋಗಿ ಆ ಗೋಡೆಯ ಮೇಲೆ ಕೈ ಇಟ್ಟುಕೊಂಡು ನಿಂತಳು. ನಾನು ಕರೆಯಲಿಲ್ಲ. ಒಂದು ಗೋಡೆಯ ಎರಡೂ ಬದಿಗೆ ಇಷ್ಟು ವರ್ಷ ಒಂದೇ ಭಾರವನ್ನು ಹೊತ್ತುಕೊಂಡು, ಕಂಡಾಗ ನಗುತ್ತ ಬದುಕಿದ್ದೆವಲ್ಲ ಎಂದುಕೊಂಡೆ.

ಡೆನ್ಮಾರ್ಕಿನವಳು ಈಗ ಇಬ್ಬರು ಮಕ್ಕಳ ತಾಯಿ. ಅವಳ ಕನ್ನಡ ಬಹಳ ಉದುರಿಹೋಗಿದೆ, ಆದರೆ ಅವಳ ಎಲ್ಲ ಸಂದೇಶದ ಕೊನೆಗೂ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಕಾಕು ಹೆಂಗದಾರ? ನಿನ್ನೆ ಅದಕ್ಕೆ ಉತ್ತರ ಬರೆಯಲು ಕೂತೆ. ಕಾಕು ತೀರಿಕೊಂಡರು ಎಂದು ಬರೆದೆ. ಕೊನೆಯವರೆಗೂ ನಿನ್ನ ಸುದ್ದಿ ಕೇಳುತ್ತಿದ್ದರು ಎಂದೂ ಬರೆದೆ. ಇನ್ನೊಂದು ಮಾತು ಉಳಿದಿತ್ತು.

ಕಾಕುವಿಗೆ ಏನೂ ಗೊತ್ತಾಗಲಿಲ್ಲ ಎಂದು ಬರೆದು ಕಳಿಸಿದೆ.