ಒಂದೇ ಕೈಯ ಶಾರ್ಟ್‌ಕಟ್

ಬೆಳಗಿನ ಬೆಳಕು ಇನ್ನೂ ಕಿಟಕಿಯ ಗಾಜಿಗೆ ಸರಿಯಾಗಿ ತಾಕಿಲ್ಲ. ಪುಸ್ತಕಗಳನ್ನು ಅಚ್ಚಿಗೆ ಅಣಿಮಾಡುವ ಕಚೇರಿಯ ಟೈಪಿಂಗ್ ಹಾಲ್‌ನಲ್ಲಿ ಆಕೆಯೊಬ್ಬರೇ ಇದ್ದಾರೆ. ಎಡಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಬಲಗೈಯಿಂದ ಮಾತ್ರ ಕೀಬೋರ್ಡ್ ಒತ್ತುತ್ತಿದ್ದಾರೆ. ನೋಡಿದವರಿಗೆ ಇದೇನು ಹುಡುಗಾಟ ಅನ್ನಿಸಬೇಕು. ಕೀಲಿಗಳು ಹೇಳಿದ ಮಾತು ಕೇಳದಿದ್ದಾಗ ದಾರಿಗೆ ತರುವುದು ಆಕೆಯ ಕೆಲಸ. ಹಾಲ್‌ಗೆಲ್ಲ ಆಕೆ ‘ಶಾರ್ಟ್‌ಕಟ್ ಅಕ್ಕ’. ಮನೆಯಿಂದ ಇಲ್ಲಿಗೆ ಬರಲು ಮಾತ್ರ ಎರಡು ಬಸ್ಸು ಹಿಡಿಯಲೇಬೇಕು.

ಮೊದಲು ಆಕೆಯೂ ಟೈಪಿಸ್ಟೇ. ಮಣಿಕಟ್ಟು ಸೋತು, ವೈದ್ಯರು ಟೈಪಿಂಗ್ ಬಿಡಿ ಎಂದಾಗ ಕಣ್ಣಿಗೆ ಕತ್ತಲು ಕವಿದಂತಾಗಿತ್ತಂತೆ. ಕಡಿಮೆ ಕೀಲಿ ಒತ್ತಿ ಕೆಲಸ ಮುಗಿಸುವ ದಾರಿಗಳನ್ನು ಆಗ ಹಟ ಹಿಡಿದು ಕಲಿತರು. ಈಗ ದಿನಕ್ಕೆ ಹತ್ತಿಪ್ಪತ್ತು ಸಲ ‘ಅಕ್ಕಾ, ಇದು ಕೇಳ್ತಿಲ್ಲ’ ಎಂಬ ಕೂಗು.

ಇಂದು ಆಕೆ ಕೂತಿರುವುದು ಎಲ್ಲರೂ ‘ದೊಡ್ಡಣ್ಣ’ ಎನ್ನುವ ಹಿರಿಯ ಟೈಪಿಸ್ಟರ ಕುರ್ಚಿಯಲ್ಲಿ. ಪಾರ್ಶ್ವವಾಯು ಬಡಿದು ಅವರ ಎಡಗೈ ಸ್ವಾಧೀನ ತಪ್ಪಿದ ಮೇಲೆ, ಬಲಬದಿಯ ಕಂಟ್ರೋಲ್ ಜೊತೆ ‘ಜೆ’ ಒತ್ತಿದರೆ ಬರಹ ಸೇವ್ ಆಗುವಂತೆ ಆಕೆಯೇ ಹೊಂದಿಸಿಕೊಟ್ಟಿದ್ದರು. ನಿನ್ನೆ ಅದು ಕೈಕೊಟ್ಟಿತು. ಕರೆಂಟು ಹೋದದ್ದೇ ತಡ, ಮಧ್ಯಾಹ್ನವಿಡೀ ಟೈಪ್ ಮಾಡಿದ್ದೆಲ್ಲ ನೀರುಪಾಲು. ಆದರೆ ಬಂದು ನೋಡಿದವರೆಲ್ಲ ಒತ್ತಿದಾಗ ಅದು ಸರಿಯಾಗಿಯೇ ಕೆಲಸ ಮಾಡಿತು. ಇನ್ನೊಮ್ಮೆ ಹೀಗಾದರೆ ದೊಡ್ಡಣ್ಣನಿಗೆ ಟೈಪಿಂಗ್ ಬಿಡಿಸಿ ಬಾಗಿಲು ಕಾಯಲು ಕೂರಿಸುವುದಾಗಿ ಮೇಲ್ವಿಚಾರಕರು ಹೇಳಿಬಿಟ್ಟಿದ್ದಾರೆ.

“ನೋಡಿದೋರೆಲ್ಲ ಎರಡು ಕೈಲಿ ಒತ್ತಿದ್ರು. ಅಭ್ಯಾಸಬಲ, ಎಡಗೈ ತಾನಾಗೇ ಎಡಗಡೆ ಕಂಟ್ರೋಲ್‌ಗೆ ಹೋಗುತ್ತೆ. ಅದನ್ನ ಒತ್ತಿದ್ರೂ ಸೇವ್ ಆಗುತ್ತೆ. ದೊಡ್ಡಣ್ಣ ಒತ್ತೋ ಹಾಗೆ ಯಾರೂ ಒತ್ತಿ ನೋಡ್ಲಿಲ್ಲ” ಎನ್ನುತ್ತಾರೆ ಆಕೆ.

ದೊಡ್ಡಣ್ಣನಂತೆಯೇ ಬಲಗೈಯಿಂದ ಆಕೆ ಒತ್ತಿದಾಗ ಬರಹ ಸೇವ್ ಆಗುವುದಿಲ್ಲ, ಪರದೆಯ ಮೂಲೆಯಲ್ಲಿ ಭಾಷೆ ಬದಲಾಗುತ್ತದೆ. ಮೊನ್ನೆ ಹಾಕಿದ ಹೊಸ ಲಿಪಿ ತಂತ್ರಾಂಶ ಬಲಗಡೆಯ ಕಂಟ್ರೋಲನ್ನು ಭಾಷೆ ಬದಲಿಸಲೆಂದು ತನ್ನದಾಗಿಸಿಕೊಂಡು ಕೂತಿದೆ. ಅದಕ್ಕೆ ಬೇರೊಂದು ಕೀಲಿ ಗೊತ್ತುಮಾಡಿ, ಆಕೆ ಮತ್ತೆ ಮತ್ತೆ ಒತ್ತಿ ನೋಡುತ್ತಾರೆ.

ದೊಡ್ಡಣ್ಣ ಬಂದವರೇ ಒಂದು ಸಾಲು ಟೈಪ್ ಮಾಡಿ, ಸೇವ್ ಮಾಡಿ, ಮುಚ್ಚಿ, ತೆರೆಯುತ್ತಾರೆ. ಸಾಲು ಅಲ್ಲೇ ಇದೆ. ಅವರು ಪರದೆ ಬಿಟ್ಟು ತಮ್ಮ ಬೆರಳುಗಳನ್ನೇ ನೋಡುತ್ತಾರೆ. ಇದ್ದ ಇನ್ನೊಂದು ಕೈಯೂ ಹೋಗುತ್ತಿದೆಯೇನೋ ಎಂಬ ದಿಗಿಲಲ್ಲಿ ನಿನ್ನೆ ಊಟವೂ ಸೇರಿರಲಿಲ್ಲವಂತೆ.

“ಹಾಗಾದ್ರೆ ಕೈ ಚೆನ್ನಾಗೇ ಇದೆ ಅಂತೀಯಾ, ತಂಗಿ?”

ಹೌದೆಂದು ತಲೆಯಾಡಿಸಿ ಆಕೆ ಮುಂದಿನ ಕುರ್ಚಿಗೆ ಹೊರಡುತ್ತಾರೆ. ಹೆಮ್ಮೆ ಅನ್ನಿಸುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

“ಎಲ್ರೂ ಅವರ ಕೈ ಮೇಲೆ ಅನುಮಾನ ಪಟ್ರು. ನಾನು ಪಡ್ಲಿಲ್ಲ. ಅಷ್ಟು ಬರ್ಕೊಳ್ಳಿ.”